ಬೈತಖೋಲದ ಸದ್ದನ್ನು ಬ್ಲಾಗಿಗೆ ತರುವುದು ಹೇಗೆ?

ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧ. ಅದು ಮುಗಿದ ವಾರ ಕಾರವಾರದ ಬೈತಖೋಲ ಬಂದರಿಗೆ ಹೋಗಿ ನೋಡಿ. ಎಂಜಿನ್ ಗುಡುಗು, ಮಂಜುಗಡ್ಡೆ ಪುಡಿಯಾಗುವ ಸದ್ದು, ಬಂಗುಡೆಯ ಬುಟ್ಟಿ ಮುಂದಿಟ್ಟುಕೊಂಡು ಕೊಂಕಣಿಯಲ್ಲಿ ನಡೆಯುವ ಚೌಕಾಸಿ. ನಾವು ಪತ್ರಕರ್ತರು ಮಾತ್ರ ಎರಡು ಫೋಟೊ ತೆಗೆದು, ನಾನೂರು ಪದ ಬರೆದು ಬ್ಲಾಗಿಗೆ ಹಾಕಿ ಕೈತೊಳೆದುಕೊಳ್ಳುತ್ತೇವೆ. ಆ ಸದ್ದನ್ನೂ ಓದುಗರಿಗೆ ಮುಟ್ಟಿಸಲು ಕಾಸು ಖರ್ಚಿಲ್ಲ. ಒಂದು ಫೋನು, ಹಳೆಯ ಲ್ಯಾಪ್‌ಟಾಪ್, ಅರ್ಧ ದಿನದ ತಾಳ್ಮೆ ಸಾಕು.

ಮೊದಲು ಧ್ವನಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಒಳ್ಳೆಯ ಮಾತಿನ ನಡುವೆಯೇ ಕರೆ ಬರುತ್ತದೆ. ಮಾತಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಕಡಲಗಾಳಿಯೇ ನಮ್ಮ ದೊಡ್ಡ ಶತ್ರು. ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ ಹದಿನೈದು ನಿಮಿಷವೂ ಬರೀ ಬುಸುಬುಸು. ಈಗ ದೋಣಿಯ ಮರೆಗೆ ನಿಂತು, ಮೈಕಿನ ಮೇಲೆ ಕರವಸ್ತ್ರದ ಒಂದು ಪದರ ಹೊದಿಸುತ್ತೇನೆ. ಸಂದರ್ಶನ ಮುಗಿದ ಮೇಲೆ ಯಾರೂ ಮಾತಾಡದ ಮೂವತ್ತು ಸೆಕೆಂಡು ಸುಮ್ಮನೆ ರೆಕಾರ್ಡ್ ಮಾಡಿ. ಅದರ ಉಪಯೋಗ ಮುಂದೆ ಗೊತ್ತಾಗುತ್ತದೆ. ರೆಕಾರ್ಡ್ ಮಾಡುವ ಮುನ್ನ ಅನುಮತಿ ಕೇಳುವುದನ್ನು ಮರೆಯಬೇಡಿ.

ಕಡತವನ್ನು ಲ್ಯಾಪ್‌ಟಾಪ್‌ಗೆ ತಂದು ಧ್ವನಿ ತಿದ್ದುವ ಅಡಾಸಿಟಿಯಲ್ಲಿ ತೆರೆಯಿರಿ. 2000ರಿಂದಲೂ ಉಚಿತವಾಗಿ ಸಿಗುತ್ತಿರುವ ತಂತ್ರಾಂಶ ಇದು. ಆ ಮೂವತ್ತು ಸೆಕೆಂಡಿನ ಭಾಗವನ್ನಷ್ಟೇ ಆಯ್ದು, ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್‌ನಲ್ಲಿ ನಾಯ್ಸ್ ಪ್ರೊಫೈಲ್, ಅಂದರೆ ಆ ಸದ್ದಿನ ಮಾದರಿ, ಪಡೆಯಿರಿ. ಬಳಿಕ ಇಡೀ ಧ್ವನಿಯನ್ನು ಆಯ್ದು ಅದೇ ಆಯ್ಕೆಯನ್ನು ಮತ್ತೊಮ್ಮೆ ಬಳಸಿ. ತಗ್ಗಿಸುವ ಪ್ರಮಾಣ 12 ಡೆಸಿಬೆಲ್ ದಾಟಬೇಡಿ, ದಾಟಿದರೆ ಮನುಷ್ಯರ ದನಿ ಕೊಡದೊಳಗಿನಿಂದ ಬಂದಂತೆ ಕೇಳುತ್ತದೆ. ಅಲೆಯ ಸದ್ದನ್ನು ಪೂರ್ತಿ ಅಳಿಸುವುದೂ ಬೇಡ, ಅದಿಲ್ಲದೆ ಕಾರವಾರವೆಲ್ಲಿ? ಎರಡು ನಿಮಿಷಕ್ಕೆ ಕತ್ತರಿಸಿ, ಮೋನೊ ಎಂಪಿ3 ಆಗಿ 64 ಕೆಬಿಪಿಎಸ್‌ನಲ್ಲಿ ಉಳಿಸಿ. ನಿಮಿಷಕ್ಕೆ 480 ಕೆಬಿಯಷ್ಟೇ ಆಗುವುದರಿಂದ ಘಟ್ಟದ ಮೇಲಿನ ಕುಂಟು ನೆಟ್‌ವರ್ಕ್‌ಗೂ ಭಾರವಾಗದು.

ಇದನ್ನು ಸೌಂಡ್‌ಕ್ಲೌಡ್‌ಗೋ ಇಂಟರ್ನೆಟ್ ಆರ್ಕೈವ್‌ಗೋ ಏರಿಸಿದರೆ ಬ್ಲಾಗಿನೊಳಗೆ ಅಂಟಿಸಬಹುದಾದ ಎಂಬೆಡ್ ಕೋಡ್ ಸಿಗುತ್ತದೆ. ಧ್ವನಿಯ ಕೆಳಗೆ ಮಾತಿನ ಕನ್ನಡ ಪಠ್ಯ ಕೊಡಿ. ಸಿರ್ಸಿಯ ಓದುಗರಿಗೆ ಬಂದರಿನ ಕೊಂಕಣಿ ಪೂರ್ತಿ ತಿಳಿಯಬೇಕೆಂದಿಲ್ಲ.

ಎರಡನೆಯದು ನನಗೆ ಬಹಳ ಇಷ್ಟವಾದ ಉಪಕರಣ, ಜಕ್ಸ್ಟಪೋಸ್. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್ ಮಾಡಿದ್ದು, ಉಚಿತ. ಒಂದೇ ಜಾಗದ ಎರಡು ಚಿತ್ರಗಳ ನಡುವೆ ಗೆರೆಯೊಂದನ್ನು ಎಳೆದಾಡಿಸಿ ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ತೋರಿಸಬಹುದು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತಲ್ಲ, ಅದರ ಹಿಂದಿನ ಚಿತ್ರ ನಿಮ್ಮ ಬಳಿ ಇದ್ದರೆ ಅದೇ ಜಾಗದಲ್ಲಿ, ಅದೇ ಕೋನದಲ್ಲಿ ನಿಂತು ಈಗಿನದನ್ನು ತೆಗೆಯಿರಿ. ಎರಡನ್ನೂ ಒಂದೇ ಅಳತೆಗೆ ಕತ್ತರಿಸಿ, ಅಂತರ್ಜಾಲಕ್ಕೆ ಏರಿಸಿ, ಅವುಗಳ ಕೊಂಡಿಗಳನ್ನು ಜಕ್ಸ್ಟಪೋಸ್‌ನಲ್ಲಿ ಹಾಕಿ, ತಾರೀಕು ಬರೆದು ಕೋಡ್ ಪಡೆಯಿರಿ. ಕೋನ ತುಸು ತಪ್ಪಿದರೂ ನದಿಯೇ ಜಾಗ ಬದಲಿಸಿದಂತೆ ಕಾಣುತ್ತದೆ!

ಹಳೆಯ ಚಿತ್ರ ಇಲ್ಲವೇ? ಯುರೋಪಿನ ಸೆಂಟಿನೆಲ್–2 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಉಚಿತ. 10 ಮೀಟರ್‌ನಷ್ಟು ಜಾಗ ಅದರಲ್ಲಿ ಒಂದು ಚುಕ್ಕಿ, ಹಾಗಾಗಿ ಸೇತುವೆಯ ಕಂಬ ಕಾಣದು, ಶಿರೂರಿನಂಥ ಗುಡ್ಡ ಕುಸಿತದ ಗಾಯ ಕಾಣುತ್ತದೆ. ನಮ್ಮಲ್ಲಿ ಮಳೆಗಾಲವಿಡೀ ಬರೀ ಮೋಡವೇ ಸಿಗುವುದು. ನವೆಂಬರ್ ನಂತರದ ದಿನ ಹುಡುಕಿ.

ಕಾಲಾನುಕ್ರಮಕ್ಕೆ ಅದೇ ಲ್ಯಾಬಿನ ಟೈಮ್‌ಲೈನ್‌ಜೆಎಸ್ ಇದೆ. ಗೂಗಲ್ ಶೀಟ್‌ನಲ್ಲಿ ದಿನಾಂಕ ತುಂಬಿದರಾಯಿತು, ಇಪ್ಪತ್ತು ಘಟನೆ ಮೀರಬಾರದು. ನಕ್ಷೆಗೆ ಗೂಗಲ್ ಮೈ ಮ್ಯಾಪ್ಸ್ ಸಾಕು. ಒಂದೇ ವರದಿಗೆ ಇವೆಲ್ಲವನ್ನೂ ತುರುಕಿದರೆ ಜಾತ್ರೆಯ ಅಂಗಡಿಯಾಗುತ್ತದೆ.

ಕೋಡ್ ಅಂಟಿಸುವಾಗ ಬ್ಲಾಗರ್‌ನಲ್ಲಿ ಎಚ್‌ಟಿಎಂಎಲ್ ನೋಟಕ್ಕೆ ಹೋಗಿ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಖಾತೆಯಲ್ಲಿ ಬೇರೆ ತಾಣದ್ದನ್ನು ಪುಟದೊಳಗೆ ತೋರಿಸುವ ಇಂಥ ಐಫ್ರೇಮ್ ಕೋಡ್ ನಿಲ್ಲುವುದಿಲ್ಲ, ಅಳಿಸಿಹೋಗುತ್ತದೆ. ಇನ್ನೊಂದು ನಮ್ಮವರದ್ದೇ ತೊಂದರೆ: ಕಚೇರಿಯಲ್ಲಿ ನುಡಿ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಿದರೆ ಪುಟದ ತುಂಬ ಅರ್ಥವಾಗದ ಚಿಹ್ನೆಗಳು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ.

ಪ್ರಕಟಿಸಿದ ಕೂಡಲೇ ಬೇರೆಯವರ ಫೋನಿನಲ್ಲಿ ತೆರೆಯಿರಿ. ಚಿತ್ರದ ಅರ್ಧ ಭಾಗ ಪರದೆಯಿಂದ ಆಚೆ ಹೋಗಿದ್ದರೆ, ಕೋಡ್‌ನಲ್ಲಿ ಅಗಲ 600 ಎಂದಿರುವುದನ್ನು 100% ಎಂದು ತಿದ್ದಿ.