ವೀಸಾ ತಂದುಕೊಟ್ಟ ಪಹಣಿ

ಮೊದಲ ಸಲ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾ ರಿಜೆಕ್ಟ್ ಆಯಿತು. ಬಂದ ಹಾಳೆಯಲ್ಲಿ ಒಂದೇ ಟಿಕ್: ವೀಸಾ ಮುಗಿಯುವ ಮೊದಲು ವಾಪಸ್ ಹೋಗುತ್ತೀರಿ ಅನ್ನೋದು ಅನುಮಾನ. ಎರಡು ಎಕರೆ ಅಡಿಕೆ ತೋಟ ಬಿಟ್ಟು ನಾನೆಲ್ಲಿಗೆ ಹೋಗಲಿ? ಆದರೆ ಅದನ್ನು ಕಾಗದದಲ್ಲಿ ತೋರಿಸಿರಲೇ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಲ್ವಾ, ತೆರಿಗೆ ಲೆಕ್ಕದಲ್ಲಿ ನಾನು ಬಡಪಾಯಿ, ಖಾತೆಯಲ್ಲಿ ಮಾತ್ರ ಅರ್ಜಿಗೆ ಹದಿನೈದು ದಿನ ಮುಂಚೆ ಅಣ್ಣ ಹಾಕಿದ 3 ಲಕ್ಷ! ಅನುಮಾನ ಬಾರದೆ ಇರುತ್ತಾ?

ಎರಡನೇ ಸಲ ಪಹಣಿ ತೆಗೆಸಿ, ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಹಾಕಿಸಿದೆ. ಸೊಸೈಟಿಯಲ್ಲಿ ಅಡಿಕೆ ಮಾರಿದ ಬಿಲ್ಲುಗಳನ್ನು ಇಟ್ಟು, ಆ ದುಡ್ಡು ಬ್ಯಾಂಕಿಗೆ ಬಿದ್ದ ಸಾಲುಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ನವೆಂಬರಿನಲ್ಲಿ ಕೊಯ್ಲು, ಅಕ್ಟೋಬರ್ 20ಕ್ಕೆ ಊರಲ್ಲಿರಬೇಕು ಎಂದು ಕವರ್ ಲೆಟರಿನಲ್ಲಿ ನೇರವಾಗಿ ಬರೆದೆ. ಫೀಸು ಮತ್ತೆ 90 ಯೂರೊ. ಹನ್ನೆರಡು ದಿನಕ್ಕೆ ವೀಸಾ ಬಂತು.