ಪುಣೆಯ ಅಧಿವೇಶನದಲ್ಲಿ ಖಿದ್ರಾಪುರದ ಶಾಸನಗಳು

1910ರಲ್ಲಿ ವಿ. ಕಾ. ರಾಜವಾಡೆಯವರು ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಕಟ್ಟಿದ್ದು ಪುಣೆಯಲ್ಲಿ. ಇಂದಿನ ಭಾರತೀಯ ಇತಿಹಾಸ ಕಾಂಗ್ರೆಸ್ಸಿನ ಮೊದಲ ಅಧಿವೇಶನ 1935ರಲ್ಲಿ ನಡೆದದ್ದೂ ಇಲ್ಲಿಯೇ. ಇಂಥ ಊರಿನ ಇತಿಹಾಸ ಸಂಘವೊಂದರ ವಾರ್ಷಿಕ ಅಧಿವೇಶನದಲ್ಲಿ, ಬಹುಪಾಲು ಮರಾಠಿ ಬಲ್ಲವರೇ ಇದ್ದ ಸಭೆಯ ಮುಂದೆ ಕನ್ನಡ ಶಾಸನಗಳ ಕುರಿತು ಪ್ರಬಂಧ ಮಂಡಿಸಲು ಒಪ್ಪಿಕೊಂಡಾಗ, ಕೊಲ್ಹಾಪುರ ಸೀಮೆಯನ್ನಾಳಿದ ಶಿಲಾಹಾರ ಅರಸರ ವಂಶಾವಳಿಯನ್ನೆಲ್ಲ ಬಿಟ್ಟು ಒಂದೇ ದೇವಾಲಯವನ್ನು ಆರಿಸಿಕೊಂಡೆ.

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಖಿದ್ರಾಪುರದಲ್ಲಿ, ಕೃಷ್ಣಾ ತೀರದಲ್ಲಿರುವ ಕೊಪ್ಪೇಶ್ವರ ದೇವಾಲಯವನ್ನು ಸಾಮಾನ್ಯವಾಗಿ ಜನ ನೋಡಲು ಹೋಗುವುದು ಛಾವಣಿಯ ನಡುವೆ ಆಕಾಶಕ್ಕೆ ತೆರೆದುಕೊಂಡಿರುವ ಸ್ವರ್ಗಮಂಟಪಕ್ಕಾಗಿ. ನನಗೆ ಮುಖ್ಯವಾದದ್ದು ಅಲ್ಲಿನ ಕನ್ನಡ ಶಾಸನಗಳ ಜೊತೆಗೇ ದಕ್ಷಿಣ ದ್ವಾರದ ಬಳಿ ದೇವಗಿರಿಯ ಯಾದವ ಅರಸ ಸಿಂಘಣನ ಶಕ 1136ರ (ಸುಮಾರು ಕ್ರಿ.ಶ. 1214) ಸಂಸ್ಕೃತ ಶಾಸನವೂ ನಾಗರಿ ಲಿಪಿಯಲ್ಲಿ ಇರುವುದು. ಒಂದೇ ದೇವರ ಸನ್ನಿಧಿಯಲ್ಲಿ ಎರಡು ಲಿಪಿಗಳು ನೆಲೆಸಿರುವಾಗ ಈ ಸೀಮೆಯನ್ನು ಒಂದೇ ಭಾಷೆಗೆ ಬರೆದುಕೊಡುವ ವಾದ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಕ್ಷಿತ ಸ್ಮಾರಕವಾದ್ದರಿಂದ ಅನುಮತಿಯಿಲ್ಲದೆ ಅಲ್ಲಿ ಪಡಿಯಚ್ಚು (ಕಲ್ಲಿನ ಅಕ್ಷರಗಳನ್ನು ಕಾಗದಕ್ಕೆ ಒತ್ತಿ ಪಡೆಯುವ ಪ್ರತಿ) ತೆಗೆಯುವಂತಿಲ್ಲ. ಹಾಗಾಗಿ ಸಂಜೆಯ ಓರೆ ಬಿಸಿಲು ಅಕ್ಷರಗಳ ಅಂಚಿಗೆ ನೆರಳು ಕಟ್ಟುವ ಹೊತ್ತಿಗೆ ಚಿತ್ರಗಳನ್ನು ತೆಗೆದು, ಪ್ರಕಟಿತ ಪಾಠದೊಡನೆ ಸಾಲು ಸಾಲಾಗಿ ಹೋಲಿಸಿದೆ. ಸಭೆಗೆ ಹಂಚಿದ ಹಾಳೆಯಲ್ಲಿ ಕನ್ನಡ ಪಾಠ, ಅದರ ಪಕ್ಕದಲ್ಲಿ ದೇವನಾಗರಿಯಲ್ಲಿ ಅದೇ ಪಾಠ, ಕೆಳಗೆ ಮರಾಠಿ ಅರ್ಥ ಇದ್ದವು. ಅಳಿಸಿಹೋದ ಅಕ್ಷರಗಳ ಜಾಗದಲ್ಲಿ ಊಹೆಯನ್ನು ತುಂಬದೆ ಚುಕ್ಕಿಗಳನ್ನಷ್ಟೇ ಇಟ್ಟಿದ್ದೆ. ಕೇಳುಗರು ತಾವೇ ಓದುವುದಕ್ಕೆ ಈ ಹಾಳೆಯಷ್ಟು ನೆರವಾದದ್ದು ಬೇರೆ ಯಾವುದೂ ಇಲ್ಲ.

ದಾನ ಶಾಸನಗಳ ಕೊನೆಯಲ್ಲಿ ಬರುವ ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ’ (ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಭೂಮಿಯನ್ನು ಕಸಿದವನು) ಎಂಬ ಶಾಪದ ಶ್ಲೋಕವನ್ನು ಉದಾಹರಿಸಿದಾಗ ಹಿರಿಯರು ಹಲವರು ಉಳಿದರ್ಧವನ್ನು ತಾವೇ ಹೇಳಿ ಮುಗಿಸಿದರು. ಚರ್ಚೆ ಅಲ್ಲಿಂದ ಮರಾಠಿ ಶಾಸನಗಳಲ್ಲಿ ದಾನ ಕೆಡಿಸುವವರಿಗೆ ಶಾಪವಾಗಿ ಕತ್ತೆಯ ಚಿತ್ರ ಕೆತ್ತಿದ ಶಾಪಗಲ್ಲುಗಳತ್ತ ತಿರುಗಿ, ದಾನದ ಭೂಮಿಯನ್ನು ಕಾಪಾಡುವ ಕಾಳಜಿ ಎರಡೂ ಕಡೆ ಹೇಗೆ ಒಂದೇ ಆಗಿತ್ತೆಂಬುದನ್ನು ನನಗಿಂತ ಚೆನ್ನಾಗಿ ಅವರೇ ವಿವರಿಸಿದರು.

ಶಿರೋಳದ ಕಡೆಯಿಂದ ಬಂದಿದ್ದ ಶಿಕ್ಷಕರೊಬ್ಬರು ಆ ಹಾಳೆಯ ಇನ್ನಷ್ಟು ಪ್ರತಿಗಳನ್ನು ಶಾಲೆಗಾಗಿ ಕೇಳಿ ಪಡೆದರು. ಮುಂದಿನ ಅಧಿವೇಶನದಲ್ಲಿ ನನ್ನೊಡನೆ ಸೇರಿ ಪ್ರಬಂಧ ಮಂಡಿಸುವಂತೆ ಅವರನ್ನು ವಿನಂತಿಸಿದ್ದೇನೆ. ಶಾಸನಗಳಲ್ಲಿ ಬರುವ ಊರುಗಳನ್ನು ಇಂದಿನ ನೆಲದ ಮೇಲೆ ಗುರುತಿಸುವ ಭಾಗವನ್ನು ಅವರು ವಹಿಸಿಕೊಂಡಿದ್ದಾರೆ.