ಮೊದಲ ಸಲ ನಾಯಿಮರಿ ಸಾಕುವವರಿಗೆ

ನಾಯಿಮರಿ ತರುವವರು ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಅದರ ವಯಸ್ಸನ್ನು. ಎಂಟು ವಾರ ತುಂಬುವವರೆಗೆ ಮರಿಯು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಯಲ್ಲೇ ಇರಬೇಕು. ಆಟದಲ್ಲಿ ಜೋರಾಗಿ ಕಚ್ಚಿದರೆ ಜೊತೆಯ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ, ಮೊಲೆಗೆ ಹಲ್ಲು ತಾಗಿಸಿದರೆ ತಾಯಿ ಗದರುತ್ತದೆ. ಹೀಗೆ ಹಲ್ಲನ್ನು ಎಷ್ಟು ಹಗುರವಾಗಿ ಬಳಸಬೇಕೆಂಬ ಪಾಠವನ್ನು ಅದು ಅಲ್ಲಿಯೇ ಕಲಿಯುತ್ತದೆ. ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರಬಾರದೆಂದು ನಾಯಿ ಸಂವರ್ಧನೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮಗಳೂ ಹೇಳುತ್ತವೆ. ಆದರೂ ತಿಂಗಳು ತುಂಬಿದೊಡನೆ, ‘ಈಗಲೇ ಒಯ್ದರೆ ನಿಮಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ’ ಎಂದು ಒಪ್ಪಿಸಿ ಕಳುಹಿಸುವವರಿದ್ದಾರೆ. ಆ ಮಾತಿಗೆ ಒಪ್ಪಬೇಡಿ. ಮರಿಯ ತಾಯಿಯನ್ನು ಕಣ್ಣಾರೆ ನೋಡಿ. ತಾಯಿ ಅಂಜುಬುರುಕಿಯಾಗಿದ್ದರೆ, ಮೈಯಲ್ಲಿ ಕಜ್ಜಿ ಇದ್ದರೆ ಅಥವಾ ತಾಯಿಯನ್ನು ತೋರಿಸಲು ಮಾರುವವರು ಹಿಂಜರಿದರೆ ಬರಿಗೈಯಲ್ಲಿ ಮರಳುವುದೇ ಸರಿ.

ತಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಆದ್ದರಿಂದ ಹಿಮದ ನಾಡಿಗೆಂದು ದಟ್ಟ ತುಪ್ಪಳ ಹೊತ್ತು ಹುಟ್ಟಿದ ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ತಳಿಗಳನ್ನು ನಮ್ಮ ಬೇಸಿಗೆಗೆ ತಂದು ನರಳಿಸುವುದು ನ್ಯಾಯವಲ್ಲ, ಮೂಗು ಒಳಸೇರಿದ ಪಗ್ ಕೂಡ ಸೆಕೆಯಲ್ಲಿ ಉಸಿರಿಗೆ ಕಷ್ಟಪಡುತ್ತದೆ. ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಹೆಮ್ಮೆಯ ತಳಿ, 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೂ ಹೊರತಂದಿತು. ಆದರೆ ಅದು ಓಟಕ್ಕೆಂದೇ ಹುಟ್ಟಿದ ಬೇಟೆನಾಯಿಯಾದ್ದರಿಂದ ದಿನವೂ ಮನಸಾರೆ ಓಡಲು ಬಯಲು ಇಲ್ಲದ ಮನೆಗೆ ತಕ್ಕದ್ದಲ್ಲ. ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಬೀದಿಯಲ್ಲಿ ಹುಟ್ಟಿದ ನಾಡತಳಿಯ ಮರಿಯನ್ನು. ನಮ್ಮ ಹವೆಗೆ ತಲೆಮಾರುಗಳಿಂದ ಒಗ್ಗಿದ ಗಟ್ಟಿ ಮೈ ಅದರದು, ಬುದ್ಧಿಯೂ ಚುರುಕು, ಮತ್ತು ಒಂದು ಜೀವಕ್ಕೆ ಆಸರೆ ಕೊಟ್ಟಂತೆಯೂ ಆಗುತ್ತದೆ.

ಮರಿ ಬರುವ ಮುನ್ನ ಮನೆಯವರೆಲ್ಲ ಒಟ್ಟಿಗೆ ಕುಳಿತು ಕೆಲವು ಮಾತುಗಳನ್ನು ತೀರ್ಮಾನಿಸಿಕೊಳ್ಳಬೇಕು. ಇದು ಸಣ್ಣ ವಿಷಯವೆಂದು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಆದರೆ ಮುಂದೆ ಬರುವ ತೊಂದರೆಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತವೆ. ಮಗ ಸೋಫಾದ ಮೇಲೆ ಕೂರಿಸಿಕೊಳ್ಳುತ್ತಾನೆ, ತಾಯಿ ಅದೇ ಸೋಫಾದಿಂದ ಗದರಿ ಇಳಿಸುತ್ತಾಳೆ, ಅಜ್ಜ ತಮ್ಮ ತಟ್ಟೆಯಿಂದ ದೋಸೆಯ ಚೂರು ಹಾಕುತ್ತಾರೆ, ಸೊಸೆ ಊಟದ ಹೊತ್ತಿಗೆ ಹತ್ತಿರ ಬರಬಾರದೆನ್ನುತ್ತಾಳೆ. ಇಂಥ ಮನೆಯಲ್ಲಿ ಮರಿ ಏನನ್ನು ತಾನೆ ಕಲಿಯಬೇಕು? ಅಡುಗೆಮನೆಗೆ ಮತ್ತು ದೇವರಮನೆಗೆ ಪ್ರವೇಶವಿದೆಯೋ ಇಲ್ಲವೋ, ಎಲ್ಲಿ ಮಲಗಬೇಕು, ಯಾರು ಊಟ ಹಾಕಬೇಕು, ಬೆಳಗಿನ ಜಾವ ಯಾರು ಹೊರಗೆ ಒಯ್ಯಬೇಕು ಎಂಬುದನ್ನು ಮೊದಲೇ ನಿರ್ಧರಿಸಿ, ಎಲ್ಲರೂ ಅದನ್ನೇ ಪಾಲಿಸಿ. ಆಜ್ಞೆಯ ಮಾತೂ ಒಂದೇ ಇರಲಿ. ಒಬ್ಬರು ‘ಕೂತ್ಕೋ’ ಎಂದು, ಇನ್ನೊಬ್ಬರು ‘ಸಿಟ್’ ಎಂದು ಹೇಳಿದರೆ ಮರಿಗೆ ಎರಡೂ ಬರಿಯ ಸದ್ದಾಗಿ ಉಳಿಯುತ್ತವೆ.

ಮನೆಯನ್ನು ನೆಲಮಟ್ಟದಿಂದ ಒಮ್ಮೆ ನೋಡಿ. ತೂಗಾಡುವ ವಿದ್ಯುತ್ ತಂತಿ, ಇಲಿ ಪಾಷಾಣ, ಸೊಳ್ಳೆಬತ್ತಿ, ಔಷಧದ ಮಾತ್ರೆ, ಬಾಲ್ಕನಿಯ ಸರಳುಗಳ ನಡುವಿನ ಸಂದು, ಅಂಗಳದ ಕಣಗಿಲೆ ಗಿಡ, ಇವೆಲ್ಲವೂ ಮರಿಗೆ ಅಪಾಯಕಾರಿ. ಚಪ್ಪಲಿಗಳನ್ನು ಮೇಲಿಡುವ ಅಭ್ಯಾಸವನ್ನು ಮನೆಯವರು ಮಾಡಿಕೊಂಡರೆ ಮರಿಯನ್ನು ಬೈಯುವ ಪ್ರಮೇಯವೇ ಬರುವುದಿಲ್ಲ.

ಮೊದಲ ಕೆಲವು ರಾತ್ರಿ ಮರಿ ಅಳುತ್ತದೆ. ಹುಟ್ಟಿದಂದಿನಿಂದ ಬೆಚ್ಚಗೆ ಒಂದರ ಮೇಲೊಂದು ಮಲಗಿದ್ದ ಜೀವವನ್ನು ಒಂಟಿಯಾಗಿ ಕತ್ತಲಲ್ಲಿ ಬಿಟ್ಟರೆ ಅದು ಅಳುವುದು ಸಹಜ. ಅದನ್ನು ಹಟವೆಂದು ತಿಳಿಯಬಾರದು. ಮರಿಯ ಹಾಸಿಗೆಯನ್ನು ನೀವು ಮಲಗುವ ಕೋಣೆಯಲ್ಲಿಯೇ, ಕೈಚಾಚಿದರೆ ತಲುಪುವಷ್ಟು ಹತ್ತಿರದಲ್ಲಿ ಹಾಕಿ, ಸಾಧ್ಯವಾದರೆ ತಾಯಿ ಮಲಗುತ್ತಿದ್ದ ಬಟ್ಟೆಯ ತುಂಡನ್ನು ಕೇಳಿ ತಂದು ಜೊತೆಯಲ್ಲಿಡಿ. ಕೆಲವು ವಾರಗಳ ನಂತರ ಹಾಸಿಗೆಯನ್ನು ದಿನಕ್ಕಷ್ಟು ದೂರ ಸರಿಸುತ್ತ ಅದರ ಕಾಯಂ ಜಾಗಕ್ಕೆ ಒಯ್ಯಬಹುದು.

ಇನ್ನು ಎಲ್ಲರನ್ನೂ ಕಂಗೆಡಿಸುವ ಮಲಮೂತ್ರದ ವಿಷಯ. ಇಲ್ಲಿ ಬೇಕಾದದ್ದು ಗಡಿಯಾರ ಮತ್ತು ತಾಳ್ಮೆ. ಎರಡು ತಿಂಗಳ ಮರಿಗೆ ಹಗಲಿನಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರ ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ನಿದ್ದೆಯಿಂದ ಎದ್ದೊಡನೆ, ತಿಂದ ಹತ್ತಿಪ್ಪತ್ತು ನಿಮಿಷದೊಳಗೆ, ಆಟ ಮುಗಿದೊಡನೆ ಮತ್ತು ಮಲಗುವ ಮುನ್ನ ಅದನ್ನು ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ, ಸುಮ್ಮನೆ ನಿಂತು ಕಾಯಿರಿ. ಕೆಲಸ ಮುಗಿಸಿದ ಕ್ಷಣದಲ್ಲೇ ಬೆನ್ನು ಸವರಿ ಒಂದು ಚೂರು ತಿನಿಸು ಕೊಡಬೇಕು. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಅದು ಯಾವುದಕ್ಕೆ ಸಿಕ್ಕಿದ ಬಹುಮಾನವೆಂದು ಮರಿಗೆ ತಿಳಿಯುವುದಿಲ್ಲ. ನೆಲವನ್ನು ಮೂಸುತ್ತ ಸುತ್ತು ಹಾಕತೊಡಗಿದರೆ ಅದು ಸೂಚನೆ, ಕೂಡಲೇ ಎತ್ತಿಕೊಳ್ಳಿ. ಒಳಗೆ ಮಾಡಿಬಿಟ್ಟಿದ್ದರೆ ಅದರ ಮೂಗನ್ನು ಅಲ್ಲಿಗೆ ತಿಕ್ಕುವ, ಪತ್ರಿಕೆಯ ಸುರುಳಿಯಿಂದ ಹೊಡೆಯುವ ಹಳೆಯ ಪದ್ಧತಿಯನ್ನು ದಯವಿಟ್ಟು ಅನುಸರಿಸಬೇಡಿ. ಅದರಿಂದ ಮರಿ ಕಲಿಯುವುದು ನಿಮ್ಮೆದುರು ಮಾಡಬಾರದೆಂಬುದನ್ನು ಮಾತ್ರ, ಆಮೇಲೆ ಮಂಚದ ಕೆಳಗೆ, ಬಾಗಿಲ ಹಿಂದೆ ಮಾಡತೊಡಗುತ್ತದೆ. ಒರೆಸುವಾಗಲೂ ಎಚ್ಚರ ಬೇಕು. ವಾಸನೆ ಉಳಿದ ಜಾಗಕ್ಕೇ ಮರಿ ಮತ್ತೆ ಬರುವುದರಿಂದ, ನೀರಿಗೆ ವಿನೆಗರ್ ಬೆರೆಸಿ ಚೆನ್ನಾಗಿ ಒರೆಸಿ, ಇಲ್ಲವೇ ಈ ಕೆಲಸಕ್ಕೆಂದೇ ಸಿಗುವ ಕಿಣ್ವಯುಕ್ತ ದ್ರಾವಣವನ್ನು ಬಳಸಿ. ಕಪ್ಪು ಫಿನಾಯಿಲ್ ಬೇಡ. ಅದನ್ನು ಒರೆಸಿದ ನೆಲದ ಮೇಲೆ ನಡೆದ ಮರಿ ತನ್ನ ಪಾದ ನೆಕ್ಕಿಕೊಂಡಾಗ ಅದು ಹೊಟ್ಟೆಗೆ ಸೇರುತ್ತದೆ.

ಊಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ತಪ್ಪುಗಳು ಪ್ರೀತಿಯಿಂದಲೇ ಆಗುವಂಥವು. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಗೊತ್ತಾದ ಹೊತ್ತಿಗೆ ಹಾಕಿದರೆ ಸಾಕು. ಹೊತ್ತು ಗೊತ್ತಾದರೆ ಮಲವಿಸರ್ಜನೆಯ ಹೊತ್ತೂ ತಾನಾಗಿ ಗೊತ್ತಾಗುತ್ತದೆ. ತಂದ ಮೊದಲ ವಾರ ಅದು ಹಿಂದಿದ್ದ ಕಡೆ ಏನು ತಿನ್ನುತ್ತಿತ್ತೋ ಅದನ್ನೇ ಕೊಟ್ಟು, ನಂತರ ನಿಮ್ಮ ಆಹಾರವನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಬನ್ನಿ, ಇಲ್ಲದಿದ್ದರೆ ಭೇದಿ ತಪ್ಪದು. ಹಾಲು ಅನ್ನವೇ ನಾಯಿಯ ಊಟವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ತಾಯಿಯ ಹಾಲು ಬಿಟ್ಟ ಮರಿಗಳಲ್ಲಿ ಅನೇಕಕ್ಕೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ, ಮೊಸರು ಅದಕ್ಕಿಂತ ಮೇಲು. ರಾಗಿ ಅಂಬಲಿ, ಮುದ್ದೆ ಕೆಟ್ಟವಲ್ಲ, ಆದರೆ ಬೆಳೆಯುವ ಮರಿಗೆ ಅವಷ್ಟರಿಂದಲೇ ಸಾಲುವಷ್ಟು ಪ್ರೋಟೀನ್ ಸಿಗದು. ಉಪ್ಪು ಖಾರವಿಲ್ಲದೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಮಾಂಸ, ಸ್ವಲ್ಪ ಅನ್ನ, ಕುಂಬಳ ಅಥವಾ ಕ್ಯಾರೆಟ್ ಸೇರಿಸಿ ಕೊಡಬಹುದು. ಸಸ್ಯಾಹಾರಿಗಳ ಮನೆಯಲ್ಲಾದರೆ ಮರಿಗಳಿಗೆಂದೇ ತಯಾರಾದ ಪೊಟ್ಟಣದ ಆಹಾರವನ್ನು ಪಶುವೈದ್ಯರನ್ನು ಕೇಳಿ ಆರಿಸಿಕೊಳ್ಳುವುದು ಒಳ್ಳೆಯದು. ಅಂಥ ಆಹಾರ ಕೊಡುತ್ತಿರುವಾಗ ಬೇರೆ ಕ್ಯಾಲ್ಸಿಯಂ ಔಷಧವನ್ನು ತಾವಾಗಿ ಕುಡಿಸಬಾರದು. ದೊಡ್ಡ ತಳಿಯ ಮರಿಗಳಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ.

ಕೊಡಲೇಬಾರದ ಪದಾರ್ಥಗಳನ್ನು ಮನೆಯ ಮಕ್ಕಳಿಗೂ ಕೆಲಸದವರಿಗೂ ತಿಳಿಸಿಡಿ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಹಸಿ ಮತ್ತು ಒಣ ದ್ರಾಕ್ಷಿ, ಸಕ್ಕರೆಗೆ ಬದಲಾಗಿ ಜೈಲಿಟಾಲ್ ಹಾಕಿದ ಸಿಹಿತಿಂಡಿ, ಬೇಯಿಸಿದ ಮೂಳೆ ಇವೆಲ್ಲ ವರ್ಜ್ಯ. ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡುವುದಕ್ಕೆ ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಪಶುವೈದ್ಯರು ಈಚೆಗೆ ಅಭಿಪ್ರಾಯಪಡುತ್ತಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಹೇರಳವಾಗಿದೆ. ಸಾರು, ಹುಳಿ, ಪುಳಿಯೋಗರೆ ಕಲಸಿದ ಅನ್ನ ಉಳಿದರೆ ನಾಯಿಗೆ ಹಾಕುವುದು ನಮ್ಮಲ್ಲಿ ರೂಢಿಯಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಪಾಯಸ, ಕೇಸರಿಭಾತುಗಳಲ್ಲಿಯೂ ಒಣದ್ರಾಕ್ಷಿ ಇರುತ್ತದೆಂಬುದು ಹಬ್ಬದ ದಿನ ನೆನಪಿರಲಿ. ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆಗಳನ್ನು ಅರ್ಧವೂ ಕೊಡಬಾರದು.

ತಂದ ಒಂದೆರಡು ದಿನಗಳಲ್ಲಿಯೇ ಪಶುವೈದ್ಯರಿಗೆ ತೋರಿಸಿ, ಲಸಿಕೆಯ ಕಾರ್ಡು ಮಾಡಿಸಿಕೊಳ್ಳಿ. ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳ ಲಸಿಕೆಯನ್ನು ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ ಹಾಕಿಸಬೇಕಾಗುತ್ತದೆ. ಒಮ್ಮೆ ಹಾಕಿಸಿದ ಮೇಲೆ ಮತ್ತೇಕೆ ಎಂದು ಕೇಳುವವರು ಒಂದು ವಿಷಯ ತಿಳಿಯಬೇಕು. ತಾಯಿಯ ಗಿಣ್ಣುಹಾಲಿನಿಂದ ಮರಿಗೆ ಬಂದ ರೋಗನಿರೋಧಕ ಶಕ್ತಿಯೇ ಲಸಿಕೆಯ ಕೆಲಸವನ್ನು ತಡೆಯುತ್ತದೆ. ಅದು ಯಾವ ಮರಿಯಲ್ಲಿ ಯಾವ ವಾರ ಇಳಿದುಹೋಗುತ್ತದೆಂದು ಹೇಳಲಾಗದ ಕಾರಣ, ನಡುವೆ ಅಂತರ ಬೀಳದಂತೆ ಪುನಃ ಪುನಃ ಹಾಕುತ್ತಾರೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಜಂತುಹುಳುವಿನ ಔಷಧವನ್ನು ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಿಸಬೇಕು. ಈ ಹುಳುಗಳಲ್ಲಿ ಕೆಲವು ಮನೆಯ ಮಕ್ಕಳಿಗೂ ತಗಲುತ್ತವೆ.

ಪಾರ್ವೊ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಮರಿ ಮಂಕಾಗಿ ಊಟ ಬಿಟ್ಟು, ವಾಂತಿ ಮಾಡಿ, ರಕ್ತ ಬೆರೆತ ದುರ್ವಾಸನೆಯ ಭೇದಿ ಮಾಡತೊಡಗಿದರೆ ನಾಳೆ ನೋಡೋಣವೆನ್ನಬೇಡಿ, ದಾಳಿಂಬೆ ಸಿಪ್ಪೆ, ಮಜ್ಜಿಗೆಗಳ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ. ಮೈಯ ನೀರೆಲ್ಲ ಹೋಗಿ ಒಂದೆರಡು ದಿನಗಳಲ್ಲಿ ಜೀವ ಹೋಗುವ ರೋಗವದು, ಬೇಗ ಡ್ರಿಪ್ ಹಾಕಿಸಿದರೆ ಉಳಿಯುವ ಸಾಧ್ಯತೆ ಇದೆ. ಇದರ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಈ ರೋಗದಿಂದ ಮರಿ ತೀರಿಕೊಂಡ ಮನೆಗೆ ಲಸಿಕೆ ಪೂರ್ಣವಾಗದ ಬೇರೊಂದು ಮರಿಯನ್ನು ಕೂಡಲೇ ತರಬಾರದು. ನೆಲವನ್ನು, ತಟ್ಟೆಗಳನ್ನು ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ ತೊಳೆಯಬೇಕು.

ಹಾಗೆಂದು ಲಸಿಕೆ ಮುಗಿಯುವ ತನಕ ಮರಿಯನ್ನು ನಾಲ್ಕು ಗೋಡೆಯೊಳಗೆ ಕೂಡಿಹಾಕುವುದೂ ಸಲ್ಲದು. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಕಂಡದ್ದು, ಕೇಳಿದ್ದು ಮರಿಯ ಮನಸ್ಸಿನಲ್ಲಿ ನಿರುಪದ್ರವಿಯೆಂದು ನೆಲೆಗೊಳ್ಳುತ್ತದೆ. ಆ ಕಾಲದಲ್ಲಿ ಏನನ್ನೂ ಕಾಣದ ಮರಿ ದೊಡ್ಡದಾದ ಮೇಲೆ ಹೆದರಿ ಬೊಗಳುವ, ಹೆದರಿ ಕಚ್ಚುವ ನಾಯಿಯಾಗುತ್ತದೆ. ಬೀದಿಯ ನೆಲಕ್ಕೆ ಬಿಡದೆ ತೋಳಿನಲ್ಲಿ ಎತ್ತಿಕೊಂಡು ಗೇಟಿನ ಬಳಿ ನಿಲ್ಲಿ. ಬಸ್ಸು, ಸೊಪ್ಪಿನ ಗಾಡಿಯವರ ಕೂಗು, ಶಾಲೆಯ ಮಕ್ಕಳು, ಕೊಡೆ ಹಿಡಿದವರು, ಹೆಲ್ಮೆಟ್ ಧರಿಸಿದವರು ಎಲ್ಲರನ್ನೂ ನೋಡಲಿ. ಕುಕ್ಕರ್ ಕೂಗುವಾಗ, ಮಿಕ್ಸಿ ತಿರುಗುವಾಗ, ಪೂಜೆಯ ಗಂಟೆ ಬಾರಿಸುವಾಗ ಒಂದು ಚೂರು ತಿನಿಸು ಕೊಟ್ಟರೆ ಆ ಸದ್ದುಗಳು ಅದಕ್ಕೆ ಒಳ್ಳೆಯ ಸುದ್ದಿಯಾಗುತ್ತವೆ. ದಿನವೂ ಅದರ ಕಿವಿ, ಬಾಯಿ, ಉಗುರುಗಳನ್ನು ಮೃದುವಾಗಿ ಮುಟ್ಟಿ ಅಭ್ಯಾಸ ಮಾಡಿಸಿದರೆ ಮುಂದೆ ವೈದ್ಯರ ಮೇಜಿನ ಮೇಲೆ ಹೋರಾಟವಿರುವುದಿಲ್ಲ.

ನಾಲ್ಕು ತಿಂಗಳ ಸುಮಾರಿಗೆ ಇಪ್ಪತ್ತೆಂಟು ಹಾಲುಹಲ್ಲು ಬೀಳತೊಡಗಿ, ಏಳು ತಿಂಗಳ ಹೊತ್ತಿಗೆ ನಲವತ್ತೆರಡು ಹಲ್ಲುಗಳು ಬರುತ್ತವೆ. ಒಸಡು ತುರಿಸುವ ಈ ಅವಧಿಯಲ್ಲಿ ಮರಿ ಸಿಕ್ಕಿದ್ದನ್ನೆಲ್ಲ ಕಡಿಯುವುದು ಕೆಟ್ಟ ಗುಣವಲ್ಲ. ಹಳೆಯ ಬಟ್ಟೆಯನ್ನು ಗಂಟುಕಟ್ಟಿ ನೆನೆಸಿ ಫ್ರಿಜ್ಜಿನಲ್ಲಿಟ್ಟು ಕೊಟ್ಟರೆ ಒಸಡಿಗೆ ತಂಪು. ಕೈಯನ್ನು ಕಚ್ಚಿದರೆ ಕಿರುಚಾಡದೆ, ಹೊಡೆಯದೆ, ಆಟ ನಿಲ್ಲಿಸಿ ಎದ್ದುಹೋಗಿ. ಕಚ್ಚಿದರೆ ಆಟ ಮುಗಿಯುತ್ತದೆಂದು ಅದಕ್ಕೆ ಬೇಗ ಅರ್ಥವಾಗುತ್ತದೆ. ಆದರೆ ಮಕ್ಕಳಿಗೆ ಹಲ್ಲು ಅಥವಾ ಉಗುರು ತಾಗಿ ಗಾಯವಾದರೆ ಮರಿ ಚಿಕ್ಕದೆಂದು ಉದಾಸೀನ ಮಾಡಬಾರದು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅರಿಸಿನ ಸುಣ್ಣ ಏನನ್ನೂ ಹಚ್ಚದೆ, ಅಂದೇ ವೈದ್ಯರ ಬಳಿಗೆ ಹೋಗಿ ಅವರು ಹೇಳಿದಷ್ಟು ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಸ್ನಾನ ಪದೇ ಪದೇ ಬೇಡ, ನಮ್ಮ ಸೋಪಂತೂ ಬೇಡವೇ ಬೇಡ. ಅದಕ್ಕಿಂತ ಮುಖ್ಯ, ಹೊರಗೆ ಹೋಗಿ ಬಂದಾಗಲೆಲ್ಲ ಕಿವಿಯ ಒಳಮೈ, ಕತ್ತಿನ ಪಟ್ಟಿಯ ಅಡಿ, ಬೆರಳ ಸಂದುಗಳಲ್ಲಿ ರಕ್ತ ಹೀರುವ ಉಣ್ಣೆ ಹುಳು ಇದೆಯೇ ಎಂದು ಬೆರಳಾಡಿಸಿ ನೋಡುವುದು. ಉಣ್ಣೆಯಿಂದ ಬರುವ ಜ್ವರ ನಮ್ಮ ಊರುಗಳಲ್ಲಿ ನಾಯಿಗಳ ಜೀವ ತೆಗೆಯುತ್ತದೆ. ಕಂಡ ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು ತೆಗೆಯಿರಿ, ಸೀಮೆಎಣ್ಣೆ ಹಚ್ಚಬೇಡಿ.

ಮರಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಡುವುದನ್ನೂ ಕಲಿಸಬೇಕು. ಮೊದಲು ಐದು ನಿಮಿಷ, ನಂತರ ಕಾಲು ಗಂಟೆ, ಹೀಗೆ ಏರಿಸುತ್ತ ಹೋಗಿ; ಹೊರಡುವಾಗ ಬೀಳ್ಕೊಡುಗೆಯ ಗದ್ದಲ ಮಾಡದೆ ಸಹಜವಾಗಿ ಹೊರಡಿ. ದಿನವಿಡೀ ಎಲ್ಲರೂ ಕೆಲಸಕ್ಕೆ ಹೋಗುವ ಮನೆಯವರು ಮಧ್ಯಾಹ್ನ ಬಂದು ನೋಡುವ ಒಬ್ಬರನ್ನು ಗೊತ್ತುಮಾಡಿಕೊಂಡ ಮೇಲೆಯೇ ಮರಿ ತರಲಿ. ಸರಪಳಿಯಲ್ಲಿ ಕಟ್ಟಿಹಾಕಿ ಬೆಳೆಸಿದರೆ ನಾಯಿ ಕಾವಲಿಗೆ ಚುರುಕಾಗುತ್ತದೆಂಬುದು ಸುಳ್ಳು, ಅದು ಸಿಡುಕಾಗುತ್ತದೆ. ಆರು ತಿಂಗಳು ತುಂಬುವಾಗ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಯಾವಾಗ ಮಾಡಿಸಬೇಕೆಂದು ವೈದ್ಯರನ್ನು ಕೇಳಿ ದಿನ ಗೊತ್ತುಮಾಡಿಕೊಳ್ಳಿ. ತಳಿಯ ಗಾತ್ರಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ಲಸಿಕೆಯ ಕಾರ್ಡನ್ನು ಮನೆಯವರ ಆಸ್ಪತ್ರೆ ಚೀಟಿಗಳ ಜೊತೆಯಲ್ಲಿಯೇ ಇಟ್ಟು, ಮುಂದಿನ ವರ್ಷ ರೇಬೀಸ್ ಲಸಿಕೆ ಹಾಕಿಸಬೇಕಾದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.